ದಾಖಲೆ ವಿಭಾಗದವರನ್ನೂ ಜಗತ್ತಿನ ಜೊತೆ ಕೆಲಸ ಮಾಡಲು ಬಿಡಿ

ಮಾನ್ಯ ಸಂಪಾದಕರೇ,

ಕೇಂದ್ರ ಸರ್ಕಾರ ಕೊಡುವ ಆರೋಗ್ಯ ಗುರುತಿನ ಆಭಾ ಕಾರ್ಡ್ ಬಗ್ಗೆ ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. 14 ಅಂಕಿಯ ನಂಬರ್ ಒಂದಿದ್ದರೆ ಸಾಕು, ರೋಗಿಯ ದಾಖಲೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುತ್ತದೆ ಎಂದು ಅದರಲ್ಲಿತ್ತು. ನಂಬರ್ ಇದ್ದ ಮಾತ್ರಕ್ಕೆ ದಾಖಲೆ ಹೋಗುವುದಿಲ್ಲ. ಹೋದರೂ ಆ ಕಡೆಯ ಕಂಪ್ಯೂಟರಿಗೆ ಅದು ಅರ್ಥವಾಗಬೇಕಲ್ಲ? ಹಾಗೆ ಅರ್ಥವಾಗುವಂತೆ ಮಾಡಲು ಎಷ್ಟೋ ದೇಶಗಳ ಜನ ಸೇರಿ ವರ್ಷಗಟ್ಟಲೆ ದುಡಿದಿದ್ದಾರೆ, ಈಗಲೂ ದುಡಿಯುತ್ತಿದ್ದಾರೆ. ಅವರಲ್ಲಿ ವೈದ್ಯರಿದ್ದಾರೆ, ನರ್ಸ್‌ಗಳಿದ್ದಾರೆ, ಪ್ರೋಗ್ರಾಂ ಬರೆಯುವವರಿದ್ದಾರೆ, ನನ್ನಂತೆ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೂರುವವರೂ ಇದ್ದಾರೆ. ಅದರ ಪ್ರಯೋಜನ ನಮ್ಮ ರಾಜ್ಯಕ್ಕೂ ಸಿಗುತ್ತಿದೆ. ಆದರೆ ಆ ಕೆಲಸಕ್ಕೆ ನಮ್ಮ ಆಸ್ಪತ್ರೆಗಳ ಕಡೆಯಿಂದ ಕೈ ಸೇರುವುದು ಕಡಿಮೆ. ನಮ್ಮನ್ನೂ ಸೇರಲು ಬಿಡಿ ಎಂದು ಕೇಳಲಿಕ್ಕೇ ಈ ಪತ್ರ.

ನಾನು ಕುಂದಾಪುರ ತಾಲೂಕಿನ ಒಂದು ಟ್ರಸ್ಟ್ ಆಸ್ಪತ್ರೆಯ ಎಂಆರ್‌ಡಿ, ಅಂದರೆ ವೈದ್ಯಕೀಯ ದಾಖಲೆ ವಿಭಾಗ ನೋಡಿಕೊಳ್ಳುತ್ತೇನೆ. ಮಣಿಪಾಲದಲ್ಲಿ ಇದನ್ನೇ ಓದಿದವಳು. ಫೈಲು ಹುಡುಕಿ ಕೊಡುವುದು, ಡಿಸ್ಚಾರ್ಜ್ ಆದವರ ಕಾಯಿಲೆಗೆ ಕೋಡ್ ಹಾಕುವುದು, ತಿಂಗಳ ಕೊನೆಗೆ ಆರೋಗ್ಯ ಇಲಾಖೆಗೆ ಲೆಕ್ಕ ಕಳಿಸುವುದು, ಇನ್ಶೂರೆನ್ಸ್‌ನವರು ಕೇಳಿದ ಕಾಗದ ಹೊಂದಿಸುವುದು ನನ್ನ ಕೆಲಸ.

ಕೆಲವು ವರ್ಷದ ಹಿಂದೆ ನಮ್ಮಲ್ಲಿ ಒಂದು ಕಂಪನಿಯ ತಂತ್ರಾಂಶ ಇತ್ತು. ಕರಾರು ಮುಗಿದು ಅವರು ಬಾಡಿಗೆ ಜಾಸ್ತಿ ಮಾಡಿದಾಗ, "ನಮ್ಮ ರೋಗಿಗಳ ಹಳೇ ದಾಖಲೆ ಕೊಟ್ಟುಬಿಡಿ, ನಾವು ಬೇರೆ ದಾರಿ ನೋಡಿಕೊಳ್ಳುತ್ತೇವೆ" ಎಂದು ಕೇಳಿದೆವು. ಅವರು ಕೊಟ್ಟದ್ದು ರಾಶಿ ಪಿಡಿಎಫ್. ಕಣ್ಣಿಂದ ಓದಬಹುದು, ಬೇರೆ ತಂತ್ರಾಂಶಕ್ಕೆ ಹಾಕಲು ಬರುವುದಿಲ್ಲ. ಯಾರಿಗೆ ಯಾವ ಔಷಧಿಯ ಅಲರ್ಜಿ ಇದೆ ಎನ್ನುವುದನ್ನು ನಮ್ಮ ಹುಡುಗಿಯರು ಒಂದೊಂದಾಗಿ ಓದಿ ಮತ್ತೆ ಟೈಪ್ ಮಾಡಬೇಕಾಯಿತು. ಆ ತಲೆಬಿಸಿಯ ಮಧ್ಯೆ ಒಬ್ಬ ಡಾಕ್ಟರು ಬಾಹ್ಮ್ನಿ ಎಂಬ ತಂತ್ರಾಂಶದ ಹೆಸರು ಹೇಳಿದರು. ಉಚಿತ. ಅದರ ಒಳಗಿನ ಪ್ರೋಗ್ರಾಂ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು.

ಅದು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗಲೇ ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದು.

ಬಾಹ್ಮ್ನಿಯ ಒಳಗೆ ಓಪನ್‌ಎಂಆರ್‌ಎಸ್ ಎಂಬ ಇನ್ನೊಂದು ತಂತ್ರಾಂಶ ಇದೆ. ಅದರ ಮೂಲ ಕೀನ್ಯಾದ ಎಲ್ಡೊರೆಟ್ ಎಂಬ ಊರು. ಅಲ್ಲಿ ಮೊಯಿ ವಿಶ್ವವಿದ್ಯಾಲಯದವರೂ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರೂ ಸೇರಿ ಎಚ್‌ಐವಿ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದರು. ರೋಗಿಗಳು ಸಾವಿರಗಟ್ಟಲೆ ಆದಾಗ ಇದ್ದ ಸಣ್ಣ ಡೇಟಾಬೇಸ್ ತಡೆಯಲಿಲ್ಲ. 2004ರಲ್ಲಿ ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಸಂಸ್ಥೆಯ ಬರ್ಕ್ ಮ್ಯಾಮ್ಲಿನ್ ಮತ್ತು ಪಾಲ್ ಬಯಾಂಡಿಚ್ ಎಂಬ ಇಬ್ಬರು ವೈದ್ಯರು ಅಲ್ಲಿಗೆ ಹೋದರು. ಎಲ್ಡೊರೆಟ್ ಒಂದಕ್ಕೇ ಸಾಲುವಂಥದ್ದು ಮಾಡುವ ಬದಲು ಯಾವ ಬಡ ದೇಶವೂ ಬಳಸಬಹುದಾದದ್ದನ್ನು ಕಟ್ಟೋಣ ಎಂದು ಹೊರಟರು. ರುವಾಂಡಾದಲ್ಲಿ ಕೆಲಸ ಮಾಡುತ್ತಿದ್ದ ಪಾರ್ಟ್‌ನರ್ಸ್ ಇನ್ ಹೆಲ್ತ್ ಸಂಸ್ಥೆಯವರು ಜೊತೆಗೂಡಿದರು, ದಕ್ಷಿಣ ಆಫ್ರಿಕಾದವರು ಬಂದರು. 2006ರಲ್ಲಿ ಎಲ್ಡೊರೆಟ್‌ನಲ್ಲಿ ಅದು ಶುರುವಾಯಿತು.

ನಮ್ಮ ದೇಶದಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಗನಿಯಾರಿ ಎಂಬ ಹಳ್ಳಿಯಲ್ಲಿ ಜನ್ ಸ್ವಾಸ್ಥ್ಯ ಸಹಯೋಗ್ ಆಸ್ಪತ್ರೆ ಇದೆ. ದಿಲ್ಲಿಯ ಏಮ್ಸ್‌ನಲ್ಲಿ ಓದಿದ ವೈದ್ಯರು ಕಟ್ಟಿದ್ದು. ಅವರಿಗೆ ಓಪಿ, ಲ್ಯಾಬ್, ಬಿಲ್ಲು, ಔಷಧಿ ಎಲ್ಲಾ ಒಂದೇ ಕಡೆ ಬೇಕಿತ್ತು. ಥಾಟ್‌ವರ್ಕ್ಸ್ ಕಂಪನಿಯ ಎಂಜಿನಿಯರ್‌ಗಳು, ನಮ್ಮ ಬೆಂಗಳೂರಿನಲ್ಲಿ ಕೂತು ಕೆಲಸ ಮಾಡುವವರು, ಓಪನ್‌ಎಂಆರ್‌ಎಸ್‌ಗೆ ಲ್ಯಾಬಿನದ್ದೊಂದು ಬಿಲ್ಲಿನದ್ದೊಂದು ತಂತ್ರಾಂಶ ಜೋಡಿಸಿ ಬಾಹ್ಮ್ನಿ ಮಾಡಿದರು. ಅಲ್ಲಿಂದ ಅದು ನೇಪಾಳದ ಅಛಾಮ್ ಜಿಲ್ಲೆಯ ಬಯಾಲ್‌ಪಾಟಾ ಆಸ್ಪತ್ರೆಗೆ ಹೋಯಿತು. ನೇಪಾಳದಲ್ಲಿ ದಿನ ನಡೆಯುವುದು ವಿಕ್ರಮ ಶಕೆಯ ಪಂಚಾಂಗದಲ್ಲಿ. ಆ ತಾರೀಖು ಪರದೆ ಮೇಲೆ ಕಾಣುವ ಏರ್ಪಾಡು ಬಾಹ್ಮ್ನಿಗೆ ಸೇರಿತು. ಯಾರೂ ಯಾರ ಅಪ್ಪಣೆಗೂ ಕಾಯಬೇಕಾಗಲಿಲ್ಲ. ಒಬ್ಬರು ಸೇರಿಸಿದ್ದು ಎಲ್ಲರಿಗೂ ಸಿಗುತ್ತದೆ.

ಬಾಹ್ಮ್ನಿಯನ್ನು ನಾವೂ ಹಾಕಿಕೊಂಡ ಮೇಲೆ ನನ್ನ ಕೌಂಟರಿನಲ್ಲಿ ಏನು ಬದಲಾಯಿತು ಎಂದು ಹೇಳಬೇಕು. ಘಟ್ಟದ ಬುಡದ ಊರಿಂದ ಒಬ್ಬರು ಅಜ್ಜಿ ಬರುತ್ತಾರೆ ಅಂದುಕೊಳ್ಳಿ. ಕೈಯಲ್ಲಿ ರೇಷನ್ ಕಾರ್ಡ್, ಅದೂ ಮಗನ ಹೆಸರಲ್ಲಿ. ಹುಟ್ಟಿದ ತಾರೀಖು ಕೇಳಿದರೆ, "ಆಸಾಡಿಯಲ್ಲಿ ಹುಟ್ಟಿದ್ದಂತೆ ಮಗಾ, ವರ್ಷ ಯಾರು ಬರೆದಿಟ್ಟಿದ್ದಾರೆ?" ಎನ್ನುತ್ತಾರೆ. ಹಳೇ ತಂತ್ರಾಂಶ ತಾರೀಖು ಹಾಕದೆ ಮುಂದೆ ಹೋಗುತ್ತಿರಲಿಲ್ಲ. ಹಿಂದೆ ಕ್ಯೂ ಬೆಳೆಯುತ್ತಿರುತ್ತದೆ, ಕೌಂಟರಿನ ಹುಡುಗಿ ಜನವರಿ 1 ಎಂದು ಒತ್ತುತ್ತಾಳೆ. ಹೀಗೆ ನಮ್ಮ ತಾಲೂಕಿನ ಅರ್ಧ ಜನ ಹೊಸ ವರ್ಷದ ದಿನವೇ ಹುಟ್ಟಿದಂತಾಗಿತ್ತು. ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡಿ ನೋಡಲು ಹುಟ್ಟಿದ ತಾರೀಖು ಉಪಯೋಗಕ್ಕೇ ಬರುತ್ತಿರಲಿಲ್ಲ. ಓಪನ್‌ಎಂಆರ್‌ಎಸ್‌ನಲ್ಲಿ ವಯಸ್ಸಿನ ಪಕ್ಕ ಒಂದು ಸಣ್ಣ ಚೌಕ ಇದೆ. "ಇದು ಅಂದಾಜು" ಎಂದು ಅದರಲ್ಲಿ ಟಿಕ್ ಹಾಕಬಹುದು. ಆಮೇಲೆ ಆ ಫೈಲು ತೆಗೆದ ಡಾಕ್ಟರಿಗೂ ಗೊತ್ತಾಗುತ್ತದೆ, ಲೆಕ್ಕ ಹಾಕುವ ನನಗೂ ಗೊತ್ತಾಗುತ್ತದೆ. ಕೀನ್ಯಾದ ಹಳ್ಳಿಯಲ್ಲೂ ತಾರೀಖು ಬರೆದಿಟ್ಟವರು ಕಡಿಮೆ. ಅಲ್ಲಿನ ಕೌಂಟರಿನಲ್ಲಿ ಪಳಗಿದ ತಂತ್ರಾಂಶ ನಮ್ಮ ಕೌಂಟರಿಗೂ ಸರಿಹೋಯಿತು.

ಹೆಸರಿನದೂ ಅದೇ ಕಥೆ. ಬರೀ ಒಂದು ಪದದ ಹೆಸರಿನವರು ನಮ್ಮಲ್ಲಿ ಎಷ್ಟು ಬೇಕು? ಅಪ್ಪನ ಹೆಸರಿಲ್ಲ, ಮನೆ ಹೆಸರಿಲ್ಲ. ಬಾಹ್ಮ್ನಿಯಲ್ಲಿ "ಕೊನೆಯ ಹೆಸರು ಕಡ್ಡಾಯ ಬೇಡ" ಎಂದು ಒಂದು ಕಡೆ ಬದಲಿಸಿದರೆ ಆಯಿತು, ಚುಕ್ಕಿ, ಅಡ್ಡಗೆರೆ ಹಾಕಿ ದಾಟಿಸಬೇಕಿಲ್ಲ. ಇನ್ನು ಒಬ್ಬರ ಹೆಸರೇ ಇನ್ನೊಬ್ಬರಿಗೂ ಇರುವವರು. ಶೇಖರ ಪೂಜಾರಿ ಎಂಬ ಹೆಸರು ಇಂಗ್ಲಿಷಿನಲ್ಲಿ ಒಬ್ಬೊಬ್ಬ ಕ್ಲರ್ಕ್ ಕೈಯಲ್ಲಿ ಒಂದೊಂದು ಥರ. ಹಾಗಾಗಿ ನಂಬರೇ ಗತಿ. ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಬೇರೆಯವರ ಫೈಲು ತೆರೆದುಕೊಳ್ಳುತ್ತದೆ, ಬೇರೆಯವರ ರಕ್ತದ ಗುಂಪು ಕಾಣುತ್ತದೆ. ಓಪನ್‌ಎಂಆರ್‌ಎಸ್‌ನವರು ಇದಕ್ಕೊಂದು ಉಪಾಯ ಇಟ್ಟಿದ್ದಾರೆ. ನಂಬರಿನ ಕೊನೆಯ ಅಕ್ಷರವನ್ನು ಅದಕ್ಕಿಂತ ಮೊದಲಿನ ಅಕ್ಷರಗಳ ಮೇಲೆ ಲೆಕ್ಕ ಹಾಕಿ ಕೂರಿಸುತ್ತಾರೆ. ಟೈಪ್ ಮಾಡುವಾಗ ಒಂದು ತಪ್ಪಿದರೂ ಕಂಪ್ಯೂಟರ್ ಅಲ್ಲೇ ತಡೆಯುತ್ತದೆ. ಬಿ ಅಕ್ಷರ ಎಂಟರಂತೆ, ಓ ಸೊನ್ನೆಯಂತೆ, ಎಸ್ ಐದರಂತೆ, ಐ ಒಂದರಂತೆ, ಜಡ್ ಎರಡರಂತೆ ಕಾಣುತ್ತವೆ ಎಂದು ಆ ಅಕ್ಷರಗಳನ್ನೇ ಕೈಬಿಟ್ಟಿದ್ದಾರೆ. ಕೈಬರಹದ ಚೀಟಿ ಹಿಡಿದು ಬರುವ ರೋಗಿಗಳ ಮುಂದೆ ಕೂತು ಗೊತ್ತಿದ್ದವರಿಗೆ ಮಾತ್ರ ಇಂಥದ್ದು ಹೊಳೆಯುತ್ತದೆ.

ತಂತ್ರಾಂಶದಷ್ಟೇ ಮುಖ್ಯ ಕೋಡ್‌ಗಳು. ನಾನು ದಿನಾ ಹಾಕುವ ಕೋಡ್ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಎಂಬ ಕಾಯಿಲೆಗಳ ಪಟ್ಟಿಯದು. ಆ ಪಟ್ಟಿಯ ಮೂಲ 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಯೋನ್ ಎಂಬವರು ಮಾಡಿದ ಸಾವಿನ ಕಾರಣಗಳ ಪಟ್ಟಿ. ಹತ್ತನೇ ಆವೃತ್ತಿಯಲ್ಲಿ ಎ98.2 ಎಂದು ಹುಡುಕಿದರೆ ನಮ್ಮ ಮಂಗನಕಾಯಿಲೆ ಸಿಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯಲು ಶುರುವಾದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗುರುತಿಸಿದ ರೋಗ ಅದು. ಈಗ ಕೇರಳ, ಗೋವಾ, ಮಹಾರಾಷ್ಟ್ರದಲ್ಲೂ ಕಂಡಿದೆ. ಒಬ್ಬರು ಕೆಎಫ್‌ಡಿ ಎಂದು ಬರೆಯುತ್ತಾರೆ, ಇನ್ನೊಬ್ಬರು ಮಂಕಿ ಫೀವರ್ ಎಂದು. ಕೋಡ್ ಒಂದೇ ಇದ್ದರೆ ಲೆಕ್ಕ ತಪ್ಪುವುದಿಲ್ಲ. ಆದರೆ ಗಡಿಬಿಡಿಯಲ್ಲಿ ಆರ್50.9 ಎಂದು ಹಾಕಿಬಿಟ್ಟರೆ ಅದು ಬರೀ "ಕಾರಣ ತಿಳಿಯದ ಜ್ವರ". ಆ ರೋಗಿ ಲೆಕ್ಕದಿಂದ ಮಾಯ. ಆ ಊರಿಗೆ ತಂಡ ಕಳಿಸಬೇಕು, ರೋಗ ಹರಡುವ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಹಂಚಬೇಕು ಎನ್ನುವುದು ಯಾರಿಗೂ ಹೊಳೆಯುವುದಿಲ್ಲ. ಇಷ್ಟು ಮುಖ್ಯವಾದ ಕೆಲಸಕ್ಕೆ ಎಷ್ಟೋ ಆಸ್ಪತ್ರೆಗಳಲ್ಲಿ ತರಬೇತಿ ಇಲ್ಲದ ಯಾರನ್ನೋ ಕೂರಿಸುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಕರಾವಳಿಯವರಿಗೆ ಇನ್ನೊಂದು ಅನುಭವ ಇದೆ. ನಮ್ಮಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ. ರಜೆಗೆ ಬಂದವರು ಅಲ್ಲಿನ ರಿಪೋರ್ಟ್ ಹಿಡಿದುಕೊಂಡು ಬರುತ್ತಾರೆ. ಮಸ್ಕತ್‌ನಿಂದ ಬಂದ ಒಬ್ಬರ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 97 ಎಂದಿತ್ತು. ಇಲ್ಲಿ 1.2ರ ಆಸುಪಾಸು ನೋಡಿ ಅಭ್ಯಾಸವಾದ ಮನೆಯವರು ಕಿಡ್ನಿಯೇ ಹೋಯಿತು ಎಂದು ಅಳಲು ಶುರುಮಾಡಿದರು. ಇಲ್ಲಿ ಮಿಲಿಗ್ರಾಂನಲ್ಲಿ ಅಳೆದರೆ ಅಲ್ಲಿ ಅಳೆಯುವುದು ಮೈಕ್ರೋಮೋಲ್‌ನಲ್ಲಿ. 88.4ರಿಂದ ಭಾಗಿಸಿದರೆ 1.1 ಬರುತ್ತದೆ, ಏನೂ ತೊಂದರೆ ಇಲ್ಲ. ಸಕ್ಕರೆಯದು ಇದಕ್ಕಿಂತ ಅಪಾಯ. ಅಲ್ಲಿನ ರಿಪೋರ್ಟಿನಲ್ಲಿ 16 ಎಂದಿದ್ದರೆ ಅಬ್ಬಾ ಕಡಿಮೆ ಇದೆ ಅನ್ನಿಸುತ್ತದೆ. 18ರಿಂದ ಗುಣಿಸಿ ನೋಡಿ, 288. ಮನುಷ್ಯರು ಕಂಗಾಲಾಗುವ ಕಡೆ ಕಂಪ್ಯೂಟರ್ ಕಂಗಾಲಾಗದಿರಲಿ ಎಂದೇ ಲೊಯಿಂಕ್ ಎಂಬ ಪಟ್ಟಿ ಇದೆ. ಪ್ರತಿ ಲ್ಯಾಬ್ ಪರೀಕ್ಷೆಗೂ ಒಂದು ಕೋಡ್. ಯಾವ ಮಾದರಿಯಲ್ಲಿ ಏನನ್ನು, ಯಾವ ಬಗೆಯ ಅಳತೆಯಲ್ಲಿ ನೋಡಿದ್ದು ಎನ್ನುವುದೆಲ್ಲ ಅದರಲ್ಲೇ ಬರುತ್ತದೆ. 1994ರಲ್ಲಿ ಅದೇ ರೀಗನ್‌ಸ್ಟ್ರೀಫ್ ಸಂಸ್ಥೆಯಲ್ಲಿ ಶುರುವಾದದ್ದು, ಉಚಿತ, ಹಲವು ದೇಶಗಳ ಲ್ಯಾಬಿನವರು ಸೇರಿ ಬೆಳೆಸಿದ್ದು.

ಇಂಥ ದಾಖಲೆಯನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಒಯ್ಯುವ ರೀತಿಗೆ ಫೈರ್ (FHIR) ಎಂದು ಹೆಸರು. ಆಸ್ಟ್ರೇಲಿಯಾದ ಗ್ರೇಹಮ್ ಗ್ರೀವ್ 2011ರಲ್ಲಿ ಅದರ ಮೊದಲ ಕರಡು ಮಾಡಿದರು. ನಮ್ಮ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಆಭಾ ಕಾರ್ಡಿನ ಹಿಂದಿರುವ ಯೋಜನೆ, ಇದನ್ನೇ ಬಳಸುತ್ತದೆ. ಕಾಯಿಲೆ ಮತ್ತು ಲಕ್ಷಣಗಳ ಹೆಸರುಗಳಿಗೆ ಸ್ನೋಮೆಡ್ ಪಟ್ಟಿ ಇದೆ. ಭಾರತ 2014ರಿಂದ ಅದರ ಸದಸ್ಯ ದೇಶ, ಆದ್ದರಿಂದ ಇಲ್ಲಿನ ಯಾವ ಆಸ್ಪತ್ರೆಯೂ ದುಡ್ಡು ಕೊಡದೆ ಬಳಸಬಹುದು. ಪುಣೆಯಲ್ಲಿರುವ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಸಿಡ್ಯಾಕ್‌ನವರು ಇದನ್ನು ನೋಡಿಕೊಳ್ಳುತ್ತಾರೆ. ನಮ್ಮ ಸುತ್ತಲಿನ ಆಸ್ಪತ್ರೆಗಳ ಆಡಳಿತದವರನ್ನು ಕೇಳಿ ನೋಡಿ, ಇದು ಉಚಿತ ಎಂದು ಗೊತ್ತಿರುವವರು ಎಷ್ಟು ಮಂದಿ?

ಈಗ ಪಕ್ಕದ ಶ್ರೀಲಂಕಾ ನೋಡೋಣ. 1994ರಲ್ಲಿ ವರ್ಣಭೇದ ಮುಗಿದ ಮೇಲೆ ದಕ್ಷಿಣ ಆಫ್ರಿಕಾದ ಆರೋಗ್ಯ ಅಂಕಿಅಂಶಗಳನ್ನು ಸರಿಮಾಡಲು ಅಲ್ಲಿನವರೂ ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದವರೂ ಸೇರಿ ಒಂದು ತಂತ್ರಾಂಶ ಮಾಡಿದ್ದರು. ಅದರ ಎರಡನೇ ರೂಪ ಡಿಎಚ್‌ಐಎಸ್2. ಅದನ್ನು ಮೊದಲು ಬಳಕೆಗೆ ತಂದದ್ದು 2006ರಲ್ಲಿ ನಮ್ಮ ಕೇರಳದಲ್ಲಿ. ಈಗ 70ಕ್ಕೂ ಹೆಚ್ಚು ದೇಶಗಳಲ್ಲಿದೆ. ಓಸ್ಲೋದವರ ನೆರವಿನಿಂದ ಕೊಲಂಬೋ ವಿಶ್ವವಿದ್ಯಾಲಯದಲ್ಲಿ ವೈದ್ಯರಿಗಾಗಿ ಆರೋಗ್ಯ ಮಾಹಿತಿ ಶಾಸ್ತ್ರದ ಸ್ನಾತಕೋತ್ತರ ಕೋರ್ಸ್ ಬೆಳೆಯಿತು. ಓದಿದ ಸರ್ಕಾರಿ ವೈದ್ಯರು ಸರ್ಕಾರದಲ್ಲೇ ಈ ಕೆಲಸಕ್ಕೆ ನಿಂತರು. 2020ರ ಜನವರಿಯಲ್ಲಿ ಕೋವಿಡ್ ಸುದ್ದಿ ಬಂದ ಕೂಡಲೇ ಅವರು ವಿಮಾನ ನಿಲ್ದಾಣಕ್ಕೆ ಬಂದಿಳಿದವರ ಮೇಲೆ ನಿಗಾ ಇಡುವ ಏರ್ಪಾಡನ್ನು ಡಿಎಚ್‌ಐಎಸ್2ನಲ್ಲಿ ಮಾಡಿ ಮುಗಿಸಿದರು. ಮಾಡಿದ್ದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಎಷ್ಟೋ ದೇಶಗಳು ಎತ್ತಿಕೊಂಡವು. ಕೊನೆಗೆ ನಾರ್ವೆಯ ಪುರಸಭೆಗಳೂ ಸೋಂಕಿತರ ಸಂಪರ್ಕ ಹುಡುಕಲು ಅದನ್ನೇ ತಮಗೆ ಬೇಕಾದಂತೆ ಮಾಡಿಕೊಂಡವು. ಕಲಿಸಿದವರೇ ಕಲಿತವರಿಂದ ತೆಗೆದುಕೊಂಡರು. ಇದನ್ನು ಓದಿದ ದಿನ ನಾನು ನಮ್ಮ ವಿಭಾಗದ ಹುಡುಗಿಯರನ್ನೆಲ್ಲ ಕೂರಿಸಿಕೊಂಡು ಹೇಳಿದೆ. ಶ್ರೀಲಂಕಾಕ್ಕೆ ಸಾಧ್ಯವಾದದ್ದು ನಮಗೆ ಯಾಕೆ ಆಗಬಾರದು, ಅಲ್ವಾ?

ಹೊರದೇಶದವರ ಜೊತೆ ಸೇರಿ ಕೆಲಸ ಎಂದರೆ ನಮ್ಮಲ್ಲಿ ಹೆದರಿಕೆ ಇದೆ. ನಮ್ಮ ಹಿರಿಯ ಟ್ರಸ್ಟಿಯೊಬ್ಬರು ನನ್ನನ್ನು ನೇರವಾಗಿಯೇ ಕೇಳಿದರು. "ಅಲ್ಲ ಮಾರಾಯ್ತಿ, ನಮ್ಮ ಪೇಶೆಂಟ್‌ಗಳ ವಿಷಯ ಕೀನ್ಯಾದವರಿಗೆ ಯಾಕೆ ಹೇಳ್ತೀ?" ಅವರ ಪ್ರಶ್ನೆ ಸರಿಯಾದದ್ದೇ. ಆಸ್ಪತ್ರೆ ನಡೆಸುವವರು ಕೇಳಲೇಬೇಕಾದದ್ದು. ನಾನು ಹೇಳಿದೆ, "ಇಲ್ಲ ಅಣ್ಣ, ಒಬ್ಬ ರೋಗಿಯ ಹೆಸರೂ ಈ ಕಟ್ಟಡದಿಂದ ಹೊರಗೆ ಹೋಗುವುದಿಲ್ಲ. ಪ್ರೋಗ್ರಾಂನಲ್ಲಿ ಏನೋ ಸರಿ ಇಲ್ಲ ಎಂದು ತಿಳಿಸುವಾಗ ನಾವು ಸುಳ್ಳು ಹೆಸರಿನ, ಸುಳ್ಳು ಕಾಯಿಲೆಯ ನಮೂನೆ ರೋಗಿಯನ್ನು ಮಾಡಿ ತೋರಿಸುತ್ತೇವೆ. ಅವರು ಕೊಡುವುದೂ ಅಂಥದ್ದನ್ನೇ." ಹಂಚಿಕೊಳ್ಳುವುದು ಫಾರ್ಮು, ಕೋಡ್, ಕೆಲಸ ಮಾಡುವ ರೀತಿ. ರೋಗಿಯ ಗುಟ್ಟು ರೋಗಿಯದು. 2023ರಲ್ಲಿ ನಮ್ಮ ದೇಶದಲ್ಲಿ ಇದಕ್ಕೆ ಕಾನೂನೇ ಆಗಿದೆ. ಟ್ರಸ್ಟಿಯವರು ಒಪ್ಪಿದರು, ಆದರೆ ನಮೂನೆ ರೋಗಿಯನ್ನು ಹೇಗೆ ಮಾಡುತ್ತೀರಿ ಎಂದು ಖುದ್ದಾಗಿ ಕೂತು ನೋಡಿದ ಮೇಲೆಯೇ. ಎಲ್ಲಾ ಆಡಳಿತ ಮಂಡಳಿಯವರೂ ಹಾಗೆ ಕೂತು ನೋಡಲಿ.

ಈಗ ಈ ಮಾತು ಎತ್ತಲು ಇನ್ನೊಂದು ಕಾರಣ ಇದೆ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ಹೊರದೇಶಗಳಿಗೆ ಕೊಡುತ್ತಿದ್ದ ನೆರವನ್ನು ತಡೆಹಿಡಿಯಿತು. ಆಫ್ರಿಕಾದಲ್ಲಿ ಎಚ್‌ಐವಿ ರೋಗಿಗಳ ದಾಖಲೆ ನೋಡಿಕೊಳ್ಳುವ ಎಷ್ಟೋ ಕೆಲಸಕ್ಕೆ ಆ ದುಡ್ಡೇ ಆಧಾರವಾಗಿತ್ತು. ಇಷ್ಟು ವರ್ಷ ನಾವು ಅವರು ಮಾಡಿದ್ದನ್ನು ಪುಕ್ಕಟೆ ಬಳಸಿದ್ದೇವೆ. ಈಗ ಅವರಿಗೆ ಕಷ್ಟ ಬಂದಿದೆ. ಸಾವಿರಾರು ಎಂಜಿನಿಯರ್‌ಗಳಿರುವ ರಾಜ್ಯ ನಮ್ಮದು. ಸುಮ್ನೆ ಕೈಕಟ್ಟಿ ಕೂರುವುದು ನ್ಯಾಯವಲ್ಲ.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಆಸ್ಪತ್ರೆಗೆ ತಂತ್ರಾಂಶ ಕೊಳ್ಳುವಾಗ, ಸರ್ಕಾರವಾಗಲಿ ಟ್ರಸ್ಟ್ ಆಗಲಿ, ಟೆಂಡರಿನಲ್ಲಿ ಒಂದು ಷರತ್ತು ಹಾಕಲಿ. ಕರಾರು ಮುಗಿದ ದಿನ ದಾಖಲೆಗಳನ್ನು ಫೈರ್ ರೂಪದಲ್ಲಿ, ಒಪ್ಪಿತ ಕೋಡ್‌ಗಳ ಸಮೇತ ಹಿಂದಿರುಗಿಸಬೇಕು, ಪಿಡಿಎಫ್ ಕೊಟ್ಟರೆ ಕೊನೆಯ ಬಿಲ್ಲು ಪಾಸಾಗುವುದಿಲ್ಲ ಎಂದು. ಇದಕ್ಕೆ ಖರ್ಚಿಲ್ಲ, ಬರೆಯುವ ಮನಸ್ಸು ಬೇಕು ಅಷ್ಟೆ.

ಎಂಆರ್‌ಡಿಯವರು, ಲ್ಯಾಬ್ ಟೆಕ್ನಿಷಿಯನ್‌ಗಳು, ನರ್ಸ್‌ಗಳು ಈ ಕೆಲಸದಲ್ಲಿ ಪಾಲ್ಗೊಳ್ಳಲು ಡ್ಯೂಟಿ ಸಮಯದಲ್ಲೇ ವಾರಕ್ಕೊಂದಿಷ್ಟು ಹೊತ್ತು ಬಿಡಬೇಕು. ಈಗ ಏನಾಗಿದೆ ಎಂದರೆ, ಇಂಥ ಮಾತುಕತೆಗಳು ನಡೆಯುವುದು ರಾತ್ರಿ, ಅಮೆರಿಕ ಆಫ್ರಿಕಾದವರಿಗೆ ಹೊಂದುವ ಹೊತ್ತಿನಲ್ಲಿ. ಮನೆಗೆ ಹೋಗಿ ಅಡುಗೆ ಮುಗಿಸಿ, ಮಗುವನ್ನು ಮಲಗಿಸಿ ಕೂರುವವರು ಎಷ್ಟು ದಿನ ಕೂತಾರು? ದೊಡ್ಡ ಸಮ್ಮೇಳನಗಳಂತೂ ನಮ್ಮಂಥವರ ಕೈಗೆ ಎಟುಕುವುದಿಲ್ಲ. 1974ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಶುರುವಾದ ಮೆಡ್‌ಇನ್ಫೋ 2025ರಲ್ಲಿ ತೈಪೆಯಲ್ಲಿ ಆಯಿತು. ಅಲ್ಲಿಗೆ ಹೋಗುವುದು ಪ್ರೊಫೆಸರರು. ಅವರು ಹೋಗಲಿ, ಒಳ್ಳೆಯದೇ. ಆದರೆ ಹುಟ್ಟಿದ ತಾರೀಖು ಗೊತ್ತಿಲ್ಲದ ಅಜ್ಜಿಯ ಎದುರು ಕೂತವರ ಮಾತೂ ಅಲ್ಲಿಗೆ ತಲುಪಬೇಕು.

ಸರ್ಕಾರಿ ವೈದ್ಯರಿಗೆ ಕೊಲಂಬೋದಂಥ ಒಂದು ಹಾದಿ ಮಾಡಿಕೊಡುವ ಬಗ್ಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಆರೋಗ್ಯ ಇಲಾಖೆ ಕೂತು ಮಾತಾಡಬೇಕು. ಓದು ಮುಗಿಸಿದವರಿಗೆ ಇಲಾಖೆಯಲ್ಲಿ ಹುದ್ದೆಯೂ ಇರಬೇಕು, ಇಲ್ಲದಿದ್ದರೆ ಅವರು ಕಂಪನಿ ಸೇರುತ್ತಾರೆ. ಬೆಂಗಳೂರಿನ ಎಂಜಿನಿಯರ್ ತಮ್ಮಂದಿರು, ತಂಗಿಯರಲ್ಲಿ ನನ್ನ ಕೋರಿಕೆ ಬೇರೆ. ರಜೆಯಲ್ಲಿ ಊರಿಗೆ ಬಂದಾಗ ನಿಮ್ಮ ತಾಲೂಕಿನ ಆಸ್ಪತ್ರೆಯ ಓಪಿ ಕೌಂಟರಿನ ಒಳಗಡೆ ಒಂದು ಬೆಳಗ್ಗೆ ಕೂತು ನೋಡಿ. ಏನು ತಿದ್ದಬೇಕು ಎನ್ನುವುದು ಹನ್ನೊಂದು ಗಂಟೆಯ ಒಳಗೆ ನಿಮಗೇ ಗೊತ್ತಾಗುತ್ತದೆ.

ನಮ್ಮ ವಿಭಾಗದವರು ಸೇರಿ ಕೌಂಟರಿನ ಪರದೆಗೆ ಬೇಕಾದ ಪದಗಳನ್ನೆಲ್ಲ ಕನ್ನಡದಲ್ಲಿ ಹೊಂದಿಸಿದ್ದೇವೆ. ಕುಂದಾಪುರ ಮತ್ತು ಬೈಂದೂರು ತಾಲೂಕಿನ ಊರುಗಳ ಹೆಸರನ್ನು ಒಂದೇ ರೀತಿ ಬರೆದ ಪಟ್ಟಿಯೂ ಇದೆ. ಅದರಲ್ಲಿ ರೋಗಿಗಳ ಮಾಹಿತಿ ಏನೂ ಇಲ್ಲ. ಬಾಹ್ಮ್ನಿ ಅಥವಾ ಓಪನ್‌ಎಂಆರ್‌ಎಸ್ ಹಾಕಿಕೊಳ್ಳುವ ಯಾವ ಆಸ್ಪತ್ರೆಯವರು ಕೇಳಿದರೂ ಎರಡನ್ನೂ ಕೊಡುತ್ತೇವೆ. ನಿಮ್ಮ ಪತ್ರಿಕೆಯ ಕಚೇರಿಗೆ ಬರೆದರೆ ನನಗೆ ತಲುಪಿಸುವಿರಾ? ಶಿವಮೊಗ್ಗ, ಉತ್ತರ ಕನ್ನಡದ ಕಡೆಯಿಂದ ಯಾರಾದರೂ ತಮ್ಮ ಊರುಗಳ ಪಟ್ಟಿ ಕಳಿಸಿದರೆ ಅದನ್ನೂ ಸೇರಿಸಿಕೊಳ್ಳುತ್ತೇವೆ.

ಇತಿ ನಿಮ್ಮ ಓದುಗರಲ್ಲಿ ಒಬ್ಬಳು,
ವೈದ್ಯಕೀಯ ದಾಖಲೆ ವಿಭಾಗದ ಸಿಬ್ಬಂದಿ, ಕುಂದಾಪುರ ತಾಲೂಕು